ಕಲಾಸಿಪಾಳ್ಯದಲ್ಲಿ ನಿಂತ ಪಿಕಪ್: ಸೆಲ್ಫ್ ಹೊಡೆಯುತ್ತೆ, ಸ್ಟಾರ್ಟ್ ಆಗಲ್ಲ

ಗಾಡಿ ನಾಲ್ಕು ಸಿಲಿಂಡರಿನ 2.5 ಲೀಟರ್ ಕಾಮನ್ ರೇಲ್ ಡೀಸೆಲ್ ಪಿಕಪ್. 2018ರ ಮಾಡೆಲ್, ಬಿಎಸ್ 4. ಮೀಟರಿನಲ್ಲಿ 1,86,000 ಚಿಲ್ಲರೆ ಕಿಲೋಮೀಟರ್. ರಾತ್ರಿ ಕೋಲಾರದಲ್ಲಿ ಟೊಮೆಟೊ ತುಂಬಿಕೊಂಡು ಬೆಳಗಿನ ಜಾವ ಕಲಾಸಿಪಾಳ್ಯದಲ್ಲಿ ಇಳಿಸೋದು, ಖಾಲಿ ಕ್ರೇಟ್ ಹೇರಿಕೊಂಡು ವಾಪಸ್ ಹೋಗೋದು, ಇದೇ ಅದರ ದಿನಚರಿ. ಮಂಗಳವಾರ ಬೆಳಿಗ್ಗೆ ಮಾರ್ಕೆಟ್ಟಿನಲ್ಲೇ ನಿಂತುಹೋಗಿತ್ತು. ನಾಯಂಡಹಳ್ಳಿಯ ನನ್ನ ಶೆಡ್ಡಿಗೆ ಟೋಚನ್ ಹಾಕಿಸಿಕೊಂಡು ಬಂದದ್ದು ಗುರುವಾರ ಮಧ್ಯಾಹ್ನ. ನಡುವೆ ಎರಡು ಕೈ ದಾಟಿತ್ತು.

ನಮ್ಮ ಹುಡುಗ ಜಾಬ್ ಕಾರ್ಡಿನಲ್ಲಿ ಬರೆದುಕೊಂಡದ್ದು ಹೀಗೆ: ಸೆಲ್ಫ್ ಹೊಡೆಯುತ್ತೆ, ಸ್ಟಾರ್ಟ್ ಆಗಲ್ಲ, ನಾಜಲ್ ಹೋಗಿದೆ. ಮೊದಲಿನ ಎರಡು ಮಾತು ದೂರು. ಮೂರನೆಯದು, ಸಿಲಿಂಡರಿನೊಳಗೆ ಡೀಸೆಲ್ ಚಿಮ್ಮಿಸುವ ನಾಜಲ್ ಕೆಟ್ಟಿದೆ ಅನ್ನೋದು, ಯಾರೋ ಕೊಟ್ಟ ತೀರ್ಪು. ಅದನ್ನು ಹೊಡೆದು ಹಾಕಿಸಿದೆ.

ತೀರ್ಪು ಎರಡನೇ ಗ್ಯಾರೇಜಿನದು. ನಾಲ್ಕೂ ನಾಜಲ್ ಹೊಸದು, ಜೊತೆಗೆ ಹೈ ಪ್ರೆಶರ್ ಪಂಪ್ ಬಿಚ್ಚಿ ಲ್ಯಾಬಿಗೆ ಕೊಡಬೇಕು, ಒಟ್ಟು ₹62,000. ಗಾಡಿಯ ಯಜಮಾನರು ಆ ಎಸ್ಟಿಮೇಟ್ ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಶರ್ಟಿನ ಜೇಬಿನಲ್ಲಿ ಇಟ್ಟುಕೊಂಡಿದ್ದರು. "ಇದೊಂದು ಗಾಡೀಲೆ ಸಾರ್ ಮನೆ ನಡೀತಿರೋದು. ನಿಮ್ದೂ ಒಂದು ಕಣ್ಣು ಬಿದ್ದುಬಿಡ್ಲಿ. ನಾಜಲ್ಲೇ ಅಂದ್ರೆ ಆಮೇಲೆ ಮಾಡ್ಸೋಣ."

ಡ್ರೈವರ್ ಹೇಳಿದ್ದು

ಯಜಮಾನರಿಗೆ ದುಡ್ಡಿನ ಲೆಕ್ಕ ಗೊತ್ತು, ಗಾಡಿಯ ಲೆಕ್ಕ ಗೊತ್ತಿರೋದು ಡ್ರೈವರಿಗೆ. ಇಪ್ಪತ್ತನಾಲ್ಕೋ ಇಪ್ಪತ್ತೈದೋ ವಯಸ್ಸಿನ ಹುಡುಗ, ಮಾಲೂರು ಕಡೆಯವನು. ಬಾನೆಟ್ ಎತ್ತುವ ಮೊದಲು ಅವನಿಗೆ ಒಂದು ಟೀ ತರಿಸಿಕೊಟ್ಟು ಎದುರಿಗೆ ಕೂರಿಸಿಕೊಂಡೆ.

"ನಾಲ್ಕೂವರೆಗೆ ಮಾರ್ಕೆಟ್ಟಲ್ಲಿ ಆಫ್ ಮಾಡ್ದೆ ಅಣ್ಣ. ಅರ್ಧ ಗಂಟೆ ಅನ್‌ಲೋಡಿಂಗು. ಐದಕ್ಕೆ ಕೀ ತಿರುಗಿಸ್ದೆ, ಸೆಲ್ಫು ಚೆನ್ನಾಗೇ ಹೊಡೀತು, ಗಾಡಿ ಮಾತ್ರ ಎತ್ಲಿಲ್ಲ."

"ಇದಕ್ಕೆ ಮುಂಚೆ ಯಾವತ್ತಾದ್ರೂ ತೊಂದ್ರೆ ಕೊಟ್ಟಿತ್ತಾ?"

"ಇಲ್ಲಣ್ಣ."

ಅರ್ಧ ಟೀ ಮುಗಿದ ಮೇಲೆ ನೆನಪಾಯಿತು. "ಭಾನುವಾರ ಹೊಸಕೋಟೆ ಹತ್ರ ಓಡ್ತಾ ಓಡ್ತಾ ಆಫ್ ಆಗಿತ್ತು. ಸೈಡಿಗೆ ಹಾಕಿ ಕಾಲು ಗಂಟೆ ಬಿಟ್ಟು ಹೊಡೆದ್ರೆ ಸ್ಟಾರ್ಟ್ ಆಯ್ತು. ಡೀಸಲ್ಲಲ್ಲಿ ಕಸ ಇತ್ತೇನೋ ಅಂದ್ಕೊಂಡು ಸುಮ್ನಾದೆ."

"ಜಗ್ಗಿ ಜಗ್ಗಿ ನಿಂತಿತಾ, ಕೀ ಆಫ್ ಮಾಡ್ದಂಗೆ ನಿಂತಿತಾ?"

"ಕೀ ಆಫ್ ಮಾಡ್ದಂಗೆ. ಆರ್‌ಪಿಎಂ ಮುಳ್ಳು ದಬಕ್ಕಂತ ಸೊನ್ನೆಗೆ ಬಿತ್ತು. ಗಾಡಿ ಇನ್ನೂ ಫೋರ್ತಲ್ಲಿ ಉರುಳ್ತಾನೇ ಇತ್ತು."

ಈ ಮಾತನ್ನು ಜಾಬ್ ಕಾರ್ಡಿನ ಮೂಲೆಯಲ್ಲಿ ಬರೆದು ಸುತ್ತ ಒಂದು ಗುಂಡಗಿನ ಗೆರೆ ಎಳೆದೆ. ಡೀಸೆಲ್ ಸಾಲದೆ ನಿಲ್ಲುವ ಗಾಡಿ ಒಂದಷ್ಟು ದೂರ ಕೆಮ್ಮಿ, ಎಳೆಯದೆ, ಜಗ್ಗಿ ನಿಲ್ಲುತ್ತದೆ. ಕೀ ತೆಗೆದಂತೆ ನಿಂತರೆ ಕರೆಂಟಿನ ಕಡೆ ನೋಡಬೇಕು. ಅದಕ್ಕಿಂತ ದೊಡ್ಡ ಸುಳಿವು ಆ ಮುಳ್ಳು. ಗಾಡಿ ಗೇರಿನಲ್ಲಿ ಉರುಳುತ್ತಿದೆ ಅಂದರೆ ಚಕ್ರಗಳೇ ಇಂಜಿನ್ನನ್ನು ತಿರುಗಿಸುತ್ತಿವೆ. ಇಂಜಿನ್ ತಿರುಗುತ್ತಿದ್ದೂ ಮುಳ್ಳು ಸೊನ್ನೆಗೆ ಬಿದ್ದಿದೆ ಅಂದರೆ, ಅದು ತಿರುಗುತ್ತಿದೆ ಅಂತ ಹೇಳಬೇಕಾದ ಸೆನ್ಸರಿನ ಮಾತು ಈಸಿಎಂಗೆ, ಅಂದರೆ ಇಂಜಿನ್ ನಡೆಸುವ ಕಂಪ್ಯೂಟರಿಗೆ, ತಲುಪುತ್ತಿಲ್ಲ.

ಇಷ್ಟು ಬರೆದುಕೊಂಡ ನಾನೇ ಮುಂದಿನ ಮೂರು ಗಂಟೆ ಅದನ್ನು ಮರೆತುಬಿಟ್ಟೆ. ಆ ಕಥೆ ಮುಂದೆ ಬರುತ್ತೆ.

ಮಂಗಳವಾರ ಐದೂಕಾಲಿಗೆ ಮಾರ್ಕೆಟ್ ಹತ್ತಿರದ ಮೆಕ್ಯಾನಿಕ್ ಒಬ್ಬ ಬಂದು ಡೀಸೆಲ್ ಫಿಲ್ಟರ್ ಬದಲಾಯಿಸಿದ್ದಾನೆ. ಡೀಸೆಲ್ ಪೈಪಿನ ಗಾಳಿ ತೆಗೆಯುವ ಕೈಪಂಪು, ಅಂದರೆ ಪ್ರೈಮರ್, ಒತ್ತಿ ಒತ್ತಿ ಸಾಕಾಗಿ, ಏರ್ ಕ್ಲೀನರ್ ಪೈಪಿಗೆ ಬೇಗ ಹೊತ್ತಿಕೊಳ್ಳುವ ಸ್ಟಾರ್ಟಿಂಗ್ ಸ್ಪ್ರೇ ಹೊಡೆದಿದ್ದಾನೆ. ಒಂದೆರಡು ಸಲ ದಡದಡ ಅಂದು ಸುಮ್ಮನಾಗಿದೆ. ಆಮೇಲೆ ಎರಡನೇ ಗ್ಯಾರೇಜು. ಅಲ್ಲಿ ಈಸಿಎಂ ಬರೆದಿಟ್ಟ ದೋಷದ ಕೋಡ್ ಓದುವ ಸ್ಕ್ಯಾನರ್ ಹಾಕಿದ್ದಾರೆ. "ಮೂರೋ ನಾಲ್ಕೋ ಕೋಡ್ ಇತ್ತು ಸಾರ್, ಎಲ್ಲಾ ಡಿಲೀಟ್ ಮಾಡಿ ಮತ್ತೆ ಸೆಲ್ಫ್ ಹೊಡೆದ್ರು, ಒಂದೇ ಬಂತು" ಅಂದರು ಯಜಮಾನರು. ಆ ಒಂದು ಕೋಡ್ ಪಿ 0087, ರೇಲಿನಲ್ಲಿ, ಅಂದರೆ ನಾಲ್ಕೂ ನಾಜಲ್ಲಿಗೆ ಡೀಸೆಲ್ ಹಂಚುವ ಕೊಳವೆಯಲ್ಲಿ, ಪ್ರೆಶರ್ ಕಮ್ಮಿ ಅಂತ. ಅಳಿಸಿದ ಉಳಿದ ಕೋಡುಗಳು ಯಾವುವು ಅಂತ ಯಾರೂ ಬರೆದಿಟ್ಟುಕೊಂಡಿರಲಿಲ್ಲ. ಅಂಗಳದಲ್ಲಿ ಕಳ್ಳನ ಹೆಜ್ಜೆ ಇದ್ದಾಗಲೇ ಸಾರಿಸಿ ರಂಗೋಲಿ ಇಟ್ಟ ಹಾಗಾಗಿತ್ತು.

ಕಿವಿ, ಮೂಗು, ಆಮೇಲೆ ಸ್ಕ್ಯಾನರ್

ಬ್ಯಾಟರಿ ಸುಮ್ಮನಿದ್ದಾಗ 12.5 ವೋಲ್ಟ್, ಸೆಲ್ಫ್ ಹೊಡೆಯುವಾಗ 10.4. ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಇಳಿದರೆ ನಾನು ಬ್ಯಾಟರಿ ಬದಲಾಯಿಸದೆ ಮುಂದಕ್ಕೆ ಹೋಗಲ್ಲ. ಸೆಲ್ಫ್ ತಿರುಗಿದರೂ ಈಸಿಎಂ ಒಳಗೆ ಮಂಕಾಗಿ, ಅಳತೆಗಳೆಲ್ಲ ಸುಳ್ಳು ಹೇಳೋಕೆ ಶುರುಮಾಡುತ್ತವೆ. ಇಲ್ಲಿ ಆ ಭಯ ಇರಲಿಲ್ಲ.

ಶೆಡ್ಡಿನ ಕಂಪ್ರೆಸರ್ ಆಫ್ ಮಾಡಿಸಿ ಹತ್ತು ಸೆಕೆಂಡ್ ಸೆಲ್ಫ್ ಹೊಡೆಸಿದೆ. ಸ್ಪ್ರೇ ಹೊಡೆದ ಗಾಡಿ ಬಂದರೆ ನಾನು ಮೊದಲು ಮಾಡುವುದೇ ಇದು, ಕಣ್ಣು ಮುಚ್ಚಿ ಲಯ ಕೇಳೋದು. ಸಿಲಿಂಡರಿನ ಒಳಗನ್ನು ಬಿಸಿ ಮಾಡುವ ಹೀಟರ್ ಪ್ಲಗ್ ಕೆಂಪಗೆ ಕಾದಿರುವಾಗ ಒಳಗೆ ಹೋದ ಸ್ಪ್ರೇ ಪಿಸ್ಟನ್ ಮೇಲಕ್ಕೆ ಬರುವ ಮೊದಲೇ ಹೊತ್ತಿಕೊಳ್ಳುತ್ತೆ. ರಿಂಗ್ ಮುರಿದು, ಪಿಸ್ಟನ್ ಸೀಳಿದ ಇಂಜಿನ್ನುಗಳನ್ನು ಬಿಚ್ಚಿದ್ದೇನೆ. ಒಂದು ಸಿಲಿಂಡರಿನಲ್ಲಿ ಕಂಪ್ರೆಶನ್ ಹೋಗಿದ್ದರೆ ಆ ಗರ್, ಗರ್, ಗರ್, ಗರ್‌ನಲ್ಲಿ ಪ್ರತಿ ನಾಲ್ಕನೆಯದು ಸಡಿಲವಾಗಿ ಜಾರುತ್ತೆ, ಕುಂಟುವವನ ಹೆಜ್ಜೆಯ ಹಾಗೆ. ಇಲ್ಲಿ ನಾಲ್ಕೂ ಸಮ ಇತ್ತು. ಪುಣ್ಯ.

ಆಮೇಲೆ ಸೈಲೆನ್ಸರ್. ಹುಡುಗ ಸೆಲ್ಫ್ ಹೊಡೆಯುತ್ತಿದ್ದಾಗ ನಾನು ಹಿಂದೆ ಕುಕ್ಕರಗಾಲಿನಲ್ಲಿ ಕೂತು ಪೈಪಿನ ಬಾಯಿಗೆ ಅಂಗೈ ಒಡ್ಡಿದೆ. ಗಾಳಿ ಬರುತ್ತಿತ್ತು, ಹೊಗೆ ಇಲ್ಲ. ಅಂಗೈ ಒಣಗಿತ್ತು, ಮೂಸಿದರೆ ಡೀಸೆಲ್ ವಾಸನೆಯೂ ಇಲ್ಲ. ಸ್ಟಾರ್ಟ್ ಆಗದ ಡೀಸೆಲ್ ಗಾಡಿಯಲ್ಲಿ ಬಿಳಿ ಹೊಗೆ ಬಂದರೆ ಡೀಸೆಲ್ ಒಳಗೆ ಹೋಗುತ್ತಿದೆ, ಹೊತ್ತಿಕೊಳ್ಳುತ್ತಿಲ್ಲ ಅಂತ ಅರ್ಥ. ಆಗ ಕಂಪ್ರೆಶನ್, ಟೈಮಿಂಗ್, ಹೀಟರ್ ಪ್ಲಗ್ ಕಡೆ ಹೋಗಬೇಕು. ಹೊಗೆಯೇ ಇಲ್ಲ ಅಂದರೆ ನಾಜಲ್ ಬಾಯಿ ಬಿಡುತ್ತಲೇ ಇಲ್ಲ. ಅರ್ಧ ನಿಮಿಷದ ಈ ಕೆಲಸಕ್ಕೆ ಯಾವ ಮೆಷಿನ್ನೂ ಬೇಡ, ಆದರೂ ಹಿಂದಿನ ಇಬ್ಬರಲ್ಲಿ ಒಬ್ಬರೂ ಗಾಡಿಯ ಹಿಂಭಾಗಕ್ಕೆ ಹೋಗಿರಲಿಲ್ಲ ಅಂತ ಡ್ರೈವರ್ ಹೇಳಿದ. ಅಂದ ಹಾಗೆ ಹೀಟರ್ ಪ್ಲಗ್ ಮೇಲೆ ಅನುಮಾನ ಪಡೋದನ್ನು ಬೆಂಗಳೂರಿನಲ್ಲಿ ಕೊನೆಗೆ ಇಟ್ಟುಕೊಳ್ಳಿ. ಡಿಸೆಂಬರ್ ಮುಂಜಾವಿನಲ್ಲೂ ಇಲ್ಲಿ ಸಾಮಾನ್ಯವಾಗಿ ಹದಿನೈದು ಡಿಗ್ರಿಯ ಆಸುಪಾಸು. ಕಂಪ್ರೆಶನ್ ಸರಿ ಇರುವ ಕಾಮನ್ ರೇಲ್ ಇಂಜಿನ್ ಅಷ್ಟಕ್ಕೆಲ್ಲ ಹಟ ಮಾಡಲ್ಲ. ಊಟಿಯ ಗಾಡಿಯಾದರೆ ಮಾತು ಬೇರೆ.

ಸ್ಕ್ಯಾನರಿನಲ್ಲಿ ಸೆಲ್ಫ್ ಹೊಡೆಯುವಾಗಿನ ಲೈವ್ ಅಂಕಿಗಳು: ಇಂಜಿನ್ ವೇಗ 220ರಿಂದ 230 ಆರ್‌ಪಿಎಂ. ಇಂಜಿನ್ ತಿರುಗೋದನ್ನು ಈಸಿಎಂಗೆ ಹೇಳುವ ಕ್ರ್ಯಾಂಕ್ ಮತ್ತು ಕ್ಯಾಮ್ ಸೆನ್ಸರ್‌ಗಳ ತಾಳ ಕೂಡಿದೆ. ರೇಲಿನಲ್ಲಿ ಬೇಕಾದ ಪ್ರೆಶರ್ ಸುಮಾರು 300 ಬಾರ್, ಇರುವುದು 70ರಿಂದ 100ರ ನಡುವೆ ತೂಗಾಡುತ್ತಿತ್ತು.

ಅಂದರೆ ಎರಡನೇ ಗ್ಯಾರೇಜಿನವರು ನೋಡಿದ ಅಂಕಿ ಸರಿಯಾಗಿಯೇ ಇತ್ತು. ಕಾಮನ್ ರೇಲಿನಲ್ಲಿ ಪಂಪಿನ ಕೆಲಸ ರೇಲಿಗೆ ಪ್ರೆಶರ್ ತುಂಬೋದು, ಅಷ್ಟೇ. ಯಾವ ನಾಜಲ್ ಯಾವಾಗ ತೆರೆಯಬೇಕು ಅಂತ ಹೇಳೋದು ಈಸಿಎಂ. ರೇಲಿನಲ್ಲಿ ಸುಮಾರು 200 ಬಾರ್ ಆದರೂ ಆಗದೆ ಅದು ನಾಜಲ್ಲಿಗೆ ಕರೆಂಟೇ ಕೊಡಲ್ಲ. ನೂರು ಬಾರಿಗೆ ಸ್ಟಾರ್ಟ್ ಆಗದಿರುವುದರಲ್ಲಿ ಆಶ್ಚರ್ಯವಿಲ್ಲ. ಆದರೆ ಪ್ರೆಶರ್ ಕಮ್ಮಿ ಅನ್ನೋದರಿಂದ ನಾಜಲ್ ಹೋಗಿದೆ ಅನ್ನೋದಕ್ಕೆ ಅವರು ಒಂದೇ ಜಿಗಿತಕ್ಕೆ ಹಾರಿದ್ದರು. ನಾಜಲ್ಲಿನಿಂದ ರಿಟರ್ನ್ ಪೈಪಿಗೆ ಜಾಸ್ತಿ ಸೋರಿದರೂ ಪ್ರೆಶರ್ ಕಟ್ಟಲ್ಲ, ನಿಜ. ಪಂಪ್ ಸವೆದಿದ್ದರೂ ಕಟ್ಟಲ್ಲ. ಪಂಪಿಗೆ ಡೀಸೆಲ್ಲೇ ಸರಿಯಾಗಿ ಬರದಿದ್ದರೂ ಕಟ್ಟಲ್ಲ. ಸೆನ್ಸರ್ ಸುಳ್ಳು ಹೇಳುತ್ತಿದ್ದರೆ ಕಟ್ಟಿದ್ದೂ ಕಾಣಲ್ಲ. ಕೊನೆಯದನ್ನು ಮೊದಲೇ ನೋಡಿ ಮುಗಿಸಿದೆ: ಇಂಜಿನ್ ನಿಂತಿರುವಾಗ ಕೀ ಆನ್ ಮಾಡಿದರೆ ಸೆನ್ಸರ್ ವೈರಿನಲ್ಲಿ 0.5 ವೋಲ್ಟ್, ಸ್ಕ್ಯಾನರಿನಲ್ಲಿ ಸೊನ್ನೆ ಬಾರ್. ಅದು ಹಾಗೇ ಇರಬೇಕು.

ಇಲ್ಲಿ ಒಂದು ಮಾತು. ಕಾಮನ್ ರೇಲ್ ಕಾರುಗಳು ಮಾರ್ಕೆಟ್ಟಿಗೆ ಬಂದದ್ದು 1997ರಲ್ಲಿ. ನಮ್ಮಲ್ಲಿ ಬಹಳ ಜನರ ಕೈ ಪಳಗಿದ್ದು ಅದಕ್ಕಿಂತ ಹಳೆಯ ಇನ್‌ಲೈನ್ ಪಂಪಿನ ಮೇಲೆ. ಆಗೆಲ್ಲ ನಾಜಲ್ ಪೈಪಿನ ನಟ್ ಸಡಿಲಿಸಿ ಸೆಲ್ಫ್ ಹೊಡೆದು, ಡೀಸೆಲ್ ಚಿಮ್ಮುತ್ತಾ ಅಂತ ಕೈ ಅಡ್ಡ ಹಿಡಿದೇ ನೋಡುತ್ತಿದ್ದೆವು. ಕಾಮನ್ ರೇಲಿನಲ್ಲಿ ಆ ಅಭ್ಯಾಸ ಬಿಡಲೇಬೇಕು. ಇಂಜಿನ್ ಓಡುವಾಗ ರೇಲಿನ ಪ್ರೆಶರ್ 1,600 ಬಾರ್‌ವರೆಗೆ ಹೋಗುತ್ತೆ. ಅಲ್ಲಿಂದ ಸೂಜಿ ಮೊನೆಯಷ್ಟು ಡೀಸೆಲ್ ಹಾರಿದರೂ ಚರ್ಮ ತೂರಿ ಒಳಗೆ ಇಳಿಯುತ್ತೆ. ಹೊರಗೆ ಕಾಣೋದು ಒಂದು ಚುಕ್ಕೆ ಗಾಯ, ಒಳಗೆ ಬೆರಳೇ ಕಳೆದುಕೊಳ್ಳುವ ಗಾಯ.

ಎರಡು ಲೀಟರ್ ಬಾಟಲಿ

ಈ ಗಾಡಿಯ ಟ್ಯಾಂಕಿನಲ್ಲಿ ಮೋಟಾರ್ ಪಂಪ್ ಇಲ್ಲ. ಹೈ ಪ್ರೆಶರ್ ಪಂಪಿನ ಬೆನ್ನಿಗೇ ಇರುವ ಸಣ್ಣ ಗೇರ್ ಪಂಪು ಟ್ಯಾಂಕಿನಿಂದ ಫಿಲ್ಟರ್ ದಾಟಿ ಡೀಸೆಲ್ ಹೀರಿಕೊಳ್ಳುತ್ತೆ. ಆದ್ದರಿಂದ ಟ್ಯಾಂಕಿನಿಂದ ಪಂಪಿನವರೆಗಿನ ಪೈಪೆಲ್ಲ ನಾವು ಸ್ಟ್ರಾ ಹಾಕಿ ಎಳನೀರು ಹೀರಿದ ಹಾಗೆ. ಸ್ಟ್ರಾ ಎಲ್ಲಾದರೂ ಸೀಳಿದ್ದರೆ ಎಳನೀರು ಹೊರಗೆ ಚೆಲ್ಲಲ್ಲ, ಬಾಯಿಗೆ ಗಾಳಿ ಬರುತ್ತೆ. ಲೀಕ್ ಅಂದರೆ ತೊಟ್ಟಿಕ್ಕಬೇಕು ಅಂತ ನೆಲ ನೋಡುವವರು ಇಲ್ಲೇ ಎಡವೋದು.

ಹಾಗಂತ ಪೈಪು ಪೈಪು ತಡವುತ್ತಾ ಕೂರಲಿಲ್ಲ. ಪಂಪಿನ ಮುಂದೆ ಒಂದು ಗೆರೆ ಎಳೆದು, ಕಾಯಿಲೆ ಗೆರೆಯ ಯಾವ ಕಡೆ ಅಂತ ನೋಡಿದೆ. ಎರಡು ಲೀಟರಿನ ನೀರಿನ ಬಾಟಲಿಗೆ ಬಂಕಿನಿಂದ ತಂದ ಹೊಸ ಡೀಸೆಲ್ ತುಂಬಿ ಬಾನೆಟ್ ಕೊಕ್ಕೆಗೆ ತಲೆಕೆಳಗಾಗಿ ಕಟ್ಟಿದೆ. ಅಲ್ಲಿಂದ ಪಾರದರ್ಶಕ ಪೈಪು ನೇರ ಪಂಪಿನ ಬಾಯಿಗೆ. ರಿಟರ್ನ್ ಪೈಪು ಕೆಳಗೆ ಇನ್ನೊಂದು ಕ್ಯಾನಿಗೆ. ಟ್ಯಾಂಕೂ ಫಿಲ್ಟರೂ ಲೆಕ್ಕದಿಂದ ಹೊರಗೆ. ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿದ ಹಾಗೆ ಕಾಣುತ್ತಿತ್ತು. ಯಜಮಾನರು ಅದನ್ನೇ ನೋಡುತ್ತಾ ನಿಂತರು.

ಹುಡುಗ ಕೀ ತಿರುಗಿಸಿದ. ಪೈಪಿನಲ್ಲಿ ಕೊನೆಯ ಒಂದೆರಡು ಗುಳ್ಳೆ ಸರಿದು ಹೋದವು. ರೇಲಿನ ಅಂಕಿ 120, 190, 260. ಇಂಜಿನ್ ಒಮ್ಮೆ ಮೈ ಕೊಡವಿ ಎದ್ದು ಓಡತೊಡಗಿತು.

ಪಂಪ್ ಸರಿ ಇದೆ, ನಾಜಲ್ ಸರಿ ಇದೆ. ಅನುಮಾನಕ್ಕೆ ಜಾಗ ಇಡಬಾರದು ಅಂತ ಐಡ್ಲಿಂಗಿನಲ್ಲೇ ನಾಲ್ಕೂ ನಾಜಲ್ಲಿನ ರಿಟರ್ನ್ ಪೈಪ್ ಕಳಚಿ ನಾಲ್ಕು ಸಣ್ಣ ಬಾಟಲಿಗೆ ಬಿಟ್ಟೆ. ಸೋರುವ ನಾಜಲ್ ಇದ್ದರೆ ಅದರ ಬಾಟಲಿ ಉಳಿದವಕ್ಕಿಂತ ಎದ್ದು ಕಾಣುವಷ್ಟು ಬೇಗ ತುಂಬುತ್ತೆ. ನಾಲ್ಕೂ ಹೆಚ್ಚೂಕಮ್ಮಿ ಒಂದೇ ಮಟ್ಟ. ಬಾಟಲಿಗಳನ್ನು ಸಾಲಾಗಿ ಜೋಡಿಸಿ ಯಜಮಾನರನ್ನು ಕರೆದು ತೋರಿಸಿದೆ. ಅವರು ಜೇಬಿನ ಚೀಟಿಯನ್ನು ಒಮ್ಮೆ ಮುಟ್ಟಿ ನೋಡಿಕೊಂಡರು.

ಬಾಟಲಿ ತೆಗೆದು ಗಾಡಿಯ ಸ್ವಂತ ಪೈಪ್ ಹಾಕಿ, ನಡುವೆ ಪಾರದರ್ಶಕ ತುಂಡನ್ನು ಮಾತ್ರ ಉಳಿಸಿಕೊಂಡೆ. ಸೆಲ್ಫ್ ಹೊಡೆದರೆ ಸೋಡಾ ಗೋಲಿ ಒತ್ತಿದಂತೆ ಗುಳ್ಳೆ. ಎಲ್ಲಿಂದ? ಫಿಲ್ಟರ್ ಸುತ್ತಮುತ್ತ ಎಲ್ಲ ಮೊದಲೇ ಡೀಸೆಲ್ಲಿನಲ್ಲಿ ತೊಯ್ದಿತ್ತು, ಮಂಗಳವಾರ ಬದಲಾಯಿಸುವಾಗ ಚೆಲ್ಲಿದ್ದು. ಪೂರ್ತಿ ತೊಳೆದು, ಗಾಳಿ ಹೊಡೆದು ಒಣಗಿಸಿ, ಮೇಲೆ ಹಣೆಗೆ ಹಚ್ಚುವ ವಿಭೂತಿ ಉದುರಿಸಿದೆ. ನಮ್ಮ ಶೆಡ್ಡಿನಲ್ಲಿ ಲೀಕ್ ಹುಡುಕೋದು ಅದರಿಂದಲೇ. ಹುಡುಗ ಪ್ರೈಮರ್ ಒತ್ತತೊಡಗಿದ. ಒತ್ತಿದಾಗ ಮಾತ್ರ ಫಿಲ್ಟರಿನ ಒಳಗೆ ಹೊರದೂಡುವ ಪ್ರೆಶರ್ ಬರುತ್ತೆ, ಆಗ ಗಾಳಿ ಒಳಗೆ ಬರುತ್ತಿದ್ದ ದಾರಿಯಲ್ಲೇ ಡೀಸೆಲ್ ಹೊರಗೆ ಬರಬೇಕು. ಹತ್ತನೆಯದೋ ಹನ್ನೆರಡನೆಯದೋ ಒತ್ತಿಗೆ ಫಿಲ್ಟರ್ ಮುಚ್ಚಳದ ಸಂದಿನಲ್ಲಿ ಬಿಳಿ ವಿಭೂತಿಯ ಮೇಲೆ ಕೂದಲೆಳೆಯಷ್ಟು ತೇವ ಕಾಣಿಸಿತು. ಒಂದು ಅಂಗುಲ ಉದ್ದ, ಅಷ್ಟೇ.

ಬಿಚ್ಚಿದರೆ ಸಂದು ಮುಚ್ಚುವ ರಬ್ಬರ್ ಬಳೆ, ಓ ರಿಂಗ್, ಒಂದರ ಬದಲು ಎರಡು. ಹಳೆಯದು ವರ್ಷಗಟ್ಟಲೆ ಕೂತು ಗಟ್ಟಿಯಾಗಿ, ಕಪ್ಪು ಮುಚ್ಚಳದ ಕಪ್ಪು ತೋಡಿಗೆ ಅಂಟಿಕೊಂಡುಬಿಟ್ಟಿತ್ತು. ಅದು ಇನ್ನೂ ಅಲ್ಲಿದೆ ಅಂತ ತಿಳಿಯದೆ ಹೊಸದನ್ನು ಅದರ ಮೇಲೆ ಕೂರಿಸಿ ಬಿಗಿಯಲಾಗಿದೆ. ಹೊಸದು ಒಂದು ಕಡೆ ಹಿಚುಕಿ ಹೊರಕ್ಕೆ ಬಂದಿತ್ತು. ಬೆಳಗಿನ ಜಾವ ಐದೂಕಾಲಿಗೆ, ಮೊಬೈಲ್ ಟಾರ್ಚ್ ಬೆಳಕಿನಲ್ಲಿ, ಹಿಂದಿನಿಂದ ಲೋಡ್ ಗಾಡಿಗಳು ಹಾರ್ನ್ ಹೊಡೆಯುತ್ತಿರುವಾಗ, ನನಗೂ ಆ ಹಳೆ ರಿಂಗ್ ಕಾಣುತ್ತಿರಲಿಲ್ಲವೇನೋ.

ಹೊಸ ಫಿಲ್ಟರ್ ಕಿಟ್ ಹಾಕಿ, ಪ್ರೈಮರ್ ಕಲ್ಲಾಗುವವರೆಗೆ ಒತ್ತಿಸಿ, ಕೀ ತಿರುಗಿಸಿದರೆ ಎರಡೇ ಸೆಕೆಂಡಿಗೆ ಸ್ಟಾರ್ಟ್.

ಬಿಲ್ ಬುಕ್ಕು ತೆಗೆದ ಮೇಲೆ

ಯಜಮಾನರ ಮುಖ ಅರಳಿತ್ತು. "ಎಷ್ಟಾಯ್ತು ಸಾರ್? ಇವತ್ತು ರಾತ್ರಿನೇ ಲೋಡ್ ಹಿಡೀಬೋದು." ಡ್ರೈವರ್ ಆಗಲೇ ಸೀಟಿನಲ್ಲಿ ಕೂತು ಕನ್ನಡಿ ಸರಿಮಾಡಿಕೊಳ್ಳುತ್ತಿದ್ದ. ನಾನೂ ಬಿಲ್ ಬುಕ್ಕು ತೆಗೆದೆ. ಗಾಡಿ ನಂಬರ್ ಬರೆಯೋಕೆ ಜಾಬ್ ಕಾರ್ಡ್ ತಿರುಗಿಸಿದಾಗ ಮೂಲೆಯ ಗುಂಡಗಿನ ಗೆರೆ ಕಣ್ಣಿಗೆ ಬಿತ್ತು. ಆರ್‌ಪಿಎಂ ಮುಳ್ಳು ಸೊನ್ನೆಗೆ.

ಆಗ ಹೊಳೆದದ್ದು ಬಹಳ ಸಣ್ಣ ಲೆಕ್ಕ. ಫಿಲ್ಟರ್ ಬದಲಾಯಿಸಿದ್ದು ಗಾಡಿ ನಿಂತ ಮೇಲೆ. ನಿಂತ ಮೇಲೆ ಬಂದ ರಿಂಗು ನಿಲ್ಲೋದಕ್ಕೆ ಕಾರಣ ಹೇಗಾಗುತ್ತೆ? ನಾನು ಮೂರು ಗಂಟೆ ಕೂತು ತೆಗೆದದ್ದು ಮಾರ್ಕೆಟ್ಟಿನ ಮೆಕ್ಯಾನಿಕ್ ಹಾಕಿದ ಕಾಯಿಲೆ. ಮಾರ್ಕೆಟ್ಟಿನಲ್ಲಿ ಗಾಡಿಯನ್ನು ನಿಲ್ಲಿಸಿದ ಕಾಯಿಲೆ ಇನ್ನೂ ಅದರೊಳಗೇ ಇತ್ತು.

"ಇವತ್ತು ಕೊಡೋಕಾಗಲ್ಲ ಯಜಮಾನ್ರೇ."

"ಓಡ್ತಾ ಇದೆಯಲ್ಲ ಸಾರ್! ಮಂಡಿಯವ್ರು ಕಾಯ್ತಾವ್ರೆ."

"ಭಾನುವಾರನೂ ಹೊಸಕೋಟೆಯಿಂದ ಓಡ್ಕೊಂಡೇ ಮನೆಗೆ ಹೋಗಿತ್ತು."

ಅವರಿಗೆ ಸಿಟ್ಟು ಬಂತು, ಬರಬೇಕಾದ್ದೇ. ಮೂರು ದಿನದ ಬಾಡಿಗೆ ಹೋಗಿದೆ, ಗಾಡಿ ಕಣ್ಣೆದುರಿಗೆ ಓಡುತ್ತಿದೆ, ಮೆಕ್ಯಾನಿಕ್ ಕೊಡಲ್ಲ ಅಂತಾನೆ. ಕೊನೆಗೆ ಒಪ್ಪಿಸಿದ್ದು ಡ್ರೈವರ್. "ಲೋಡಲ್ಲಿ ನಿಂತ್ರೆ ನನ್ನೇ ಬೈತೀಯ ಮಾವ" ಅಂದ. ಅವರಿಬ್ಬರು ನೆಂಟರು ಅಂತ ನನಗೆ ಗೊತ್ತಾದದ್ದೂ ಆಗಲೇ.

ಗಾಡಿ ನಿಂತ ಸನ್ನಿವೇಶವನ್ನೇ ಮತ್ತೆ ಕಟ್ಟಿದೆವು. ಬಾನೆಟ್ ಮುಚ್ಚಿ ಐವತ್ತು ನಿಮಿಷ ಓಡಿಸಿ, ಇಂಜಿನ್ ಚೆನ್ನಾಗಿ ಕಾದ ಮೇಲೆ ಆಫ್ ಮಾಡಿ, ಅರ್ಧ ಗಂಟೆ ಮುಟ್ಟದೆ ಬಿಟ್ಟೆವು. ಇಂಜಿನ್ ನಿಲ್ಲಿಸಿದ ಕೂಡಲೇ ತಣ್ಣಗಾಗುತ್ತೆ ಅನ್ನೋದು ತಪ್ಪು. ಫ್ಯಾನೂ ವಾಟರ್ ಪಂಪೂ ನಿಂತಿರುತ್ತವೆ, ಹರಿಯುವ ಗಾಳಿ ಇರಲ್ಲ. ಕಾದ ಕಬ್ಬಿಣದ ಬಿಸಿಯೆಲ್ಲ ಪಕ್ಕದ ವೈರು, ಪ್ಲಾಸ್ಟಿಕ್ಕುಗಳಿಗೆ ಏರುತ್ತೆ. ಮಾರ್ಕೆಟ್ಟಿನಲ್ಲಿ ಅನ್‌ಲೋಡಿಂಗಿಗೆ ಹಿಡಿದದ್ದೂ ಅರ್ಧ ಗಂಟೆ.

ಏಳೂವರೆಗೆ ಕೀ ತಿರುಗಿಸಿದೆ. ಸೆಲ್ಫ್ ಹೊಡೀತು, ಗಾಡಿ ಎತ್ತಲಿಲ್ಲ. "ಇದೇ ಅಣ್ಣ! ಇದೇ ಆಗಿದ್ದು!" ಅಂತ ಡ್ರೈವರ್ ಕಿರುಚಿದ. ನಿಂತ ಗಾಡಿ ನೋಡಿ ಅಷ್ಟು ಖುಷಿಪಟ್ಟವರನ್ನು ನಾನು ಮತ್ತೆ ಕಂಡಿಲ್ಲ. ಸ್ಕ್ಯಾನರಿನಲ್ಲಿ ಆರ್‌ಪಿಎಂ 0. ಇಂಜಿನ್ ಕಣ್ಣೆದುರು ಗರಗರ ತಿರುಗುತ್ತಿದೆ, ಈಸಿಎಂ ಪಾಲಿಗೆ ಅದು ನಿಂತೇ ಇದೆ. ಕೋಡ್ ಪಿ 0335, ಕ್ರ್ಯಾಂಕ್ ಸೆನ್ಸರ್ ಸರ್ಕ್ಯೂಟ್. ಎರಡನೇ ಗ್ಯಾರೇಜಿನಲ್ಲಿ ಅಳಿಸಿದ ಕೋಡುಗಳಲ್ಲಿ ಇದೂ ಒಂದು ಇದ್ದಿರಬೇಕು.

ಫ್ಲೈವೀಲಿನ ಪಕ್ಕದಲ್ಲಿ ಈ ಸೆನ್ಸರಿಗೆಂದೇ ಒಂದು ಹಲ್ಲಿನ ಚಕ್ರ ಇರುತ್ತೆ. ಅರವತ್ತು ಹಲ್ಲಿಗೆ ಜಾಗ, ಆದರೆ ಎರಡು ಹಲ್ಲು ಬೇಕೆಂದೇ ಬಿಟ್ಟು ಐವತ್ತೆಂಟೇ ಇಟ್ಟಿರುತ್ತಾರೆ. ಆ ಬೋಳು ಜಾಗ ದಾಟಿದಾಗಲೆಲ್ಲ ಪಿಸ್ಟನ್ ಎಲ್ಲಿದೆ ಅಂತ ಈಸಿಎಂಗೆ ತಿಳಿಯುತ್ತೆ. ಆ ಸುದ್ದಿ ಬರದಿದ್ದರೆ ರೇಲಿನಲ್ಲಿ ಸಾವಿರ ಬಾರ್ ಇದ್ದರೂ ನಾಜಲ್ ತೆರೆಯಲ್ಲ. ಕೆಲವು ಗಾಡಿಗಳು ಕ್ಯಾಮ್ ಸೆನ್ಸರ್ ಒಂದನ್ನೇ ನೆಚ್ಚಿಕೊಂಡು ಹೇಗೋ ಎದ್ದುಬಿಡುತ್ತವೆ, ಇದು ಆ ಜಾತಿಯದಲ್ಲ.

ಕ್ರ್ಯಾಂಕ್ ಸೆನ್ಸರ್ ಅನ್ನೋ ಮಾತು ನನ್ನ ಬಾಯಿಂದ ಬಿದ್ದದ್ದೇ ತಡ, ಯಜಮಾನರು ಆಟೋ ಹತ್ತಿದರು. ಜೆ.ಸಿ. ರಸ್ತೆಯಲ್ಲಿ ಅಂಗಡಿ ಮುಚ್ಚೋದರೊಳಗೆ ತರ್ತೀನಿ ಅಂತ. ತಡೆಯೋಕೆ ಹೋದೆ, ಕೇಳಲಿಲ್ಲ. ನನಗೂ ಅವರ ಹಿಂದೆ ಓಡುವ ಪುರುಸೊತ್ತು ಇರಲಿಲ್ಲ. ಇಂಜಿನ್ ಆರುವ ಮೊದಲು ಅಳೆಯಬೇಕಿತ್ತು. ಆರಿದರೆ ಕಾಯಿಲೆ ಅಡಗಿಬಿಡುತ್ತೆ.

ಇದು ಎರಡು ವೈರಿನ ಕಾಯಿಲ್ ಸೆನ್ಸರ್, ತಣ್ಣಗಿದ್ದಾಗ 860 ಓಮ್ ಆಸುಪಾಸು ಇರಬೇಕು. ಪ್ಲಗ್ ಕಳಚಿ ಸೆನ್ಸರಿನ ಕಾಲಿಗೆ ಮೀಟರ್ ಹಿಡಿದರೆ 980. ತಾಮ್ರ ಕಾದಾಗ ಅಷ್ಟು ಏರೋದು ಸಹಜ, ಸೆನ್ಸರ್ ಗಟ್ಟಿಯಾಗಿದೆ. ಪ್ಲಗ್ ಮತ್ತೆ ಹಾಕಿ, ಬ್ಯಾಟರಿ ಟರ್ಮಿನಲ್ ಬಿಚ್ಚಿ, ಈಸಿಎಂ ಕನೆಕ್ಟರ್ ಕಳಚಿ ಆ ತುದಿಯಿಂದ ಅದೇ ಎರಡು ವೈರಿಗೆ ಹಿಡಿದೆ. ಮೀಟರ್ ಮಿಸುಕಲಿಲ್ಲ, ಓಪನ್. ಸೆನ್ಸರಿಗೂ ಈಸಿಎಂಗೂ ನಡುವೆ ಎಲ್ಲೋ ದಾರಿ ಕಡಿದಿದೆ.

ಮೀಟರನ್ನು ಹುಡುಗನ ಕೈಗೆ ಕೊಟ್ಟು ಲ್ಯಾಂಪ್ ಹಿಡಿದು ಗಾಡಿ ಕೆಳಗೆ ಜಾರಿದೆ. ವೈರಿಂಗ್ ಕಟ್ಟನ್ನು ಬೆರಳಳತೆ ಬೆರಳಳತೆಗೆ ಬಗ್ಗಿಸುತ್ತಾ ಹೋಗೋದು, ಅಂಕಿ ಬಂತಾ ಅಂತ ಮೇಲಿನವನನ್ನು ಕೇಳೋದು. "ಇಲ್ಲ... ಇಲ್ಲ... ಇಲ್ಲ ಅಣ್ಣ... ಬಂತು! ಹೋಯ್ತು." ಸೆಲ್ಫ್ ಮೋಟಾರಿನ ಪಕ್ಕ. ಕಂಪನಿಯ ಕ್ಲಿಪ್ ಇರಬೇಕಾದ ತೂತು ಖಾಲಿ. ಕಟ್ಟನ್ನು ಕೇಬಲ್ ಟೈ ಹಾಕಿ ಬೇರೆ ಬ್ರಾಕೆಟ್ಟಿಗೆ ಬಿಗಿದಿದ್ದಾರೆ, ಅಲ್ಲಿಂದ ಎಕ್ಸಾಸ್ಟ್ ಪೈಪಿಗೆ ಒಂದು ಬೆರಳಿನ ಅಂತರ.

"ಸೆಲ್ಫ್ ಯಾವಾಗ ಇಳಿಸಿದ್ರಿ?" ಅಂತ ಕೆಳಗಿನಿಂದಲೇ ಕೂಗಿದೆ.

"ಹೋದ ತಿಂಗಳು ಅಣ್ಣ. ಬುಷ್ ಹಾಕ್ಸಿದ್ವಿ."

ಮೇಲಿನ ಪ್ಲಾಸ್ಟಿಕ್ ಕೊಳವೆ ಕರಗಿ ಚಪ್ಪಟೆಯಾಗಿತ್ತು. ಸೀಳಿ ನೋಡಿದರೆ ಒಳಗಿನ ಎರಡು ವೈರಿನಲ್ಲಿ ಒಂದರ ಹೊದಿಕೆ ಒಣಮೆಣಸಿನಕಾಯಿ ತೊಟ್ಟಿನಂತೆ ಪಟಕ್ಕನೆ ಮುರಿಯಿತು. ಒಳಗೆ ತಾಮ್ರದ ಎಳೆಗಳು ತುಂಡಾಗಿ ತುದಿಗೆ ತುದಿ ಒರಗಿಕೊಂಡಿದ್ದವು, ಅಷ್ಟೇ. ತಣ್ಣಗಿದ್ದರೆ ತಾಗುತ್ತವೆ, ಕಾದು ಹೊದಿಕೆ ಹಿಗ್ಗಿದರೆ ಬಿಡುತ್ತವೆ. ಭಾನುವಾರ ಬಿಟ್ಟು, ಕಾಲು ಗಂಟೆಗೆ ತಾಗಿತ್ತು. ಮಂಗಳವಾರವೂ ಸುಮ್ಮನೆ ಬಿಟ್ಟಿದ್ದರೆ ಆರು ಗಂಟೆ ಹೊತ್ತಿಗೆ ತಾಗಿ ಗಾಡಿ ತಾನಾಗಿ ಎದ್ದಿರುತ್ತಿತ್ತು. ಅಷ್ಟರಲ್ಲಿ ಫಿಲ್ಟರ್ ಬಿಚ್ಚಿಯಾಗಿತ್ತು. ಎರಡನೇ ಗ್ಯಾರೇಜಿಗೆ ಹೋಗುವಾಗ ವೈರು ಆರಿ ಕೂಡಿಕೊಂಡಿತ್ತು, ಅದಕ್ಕೇ ಅಲ್ಲೂ ನನ್ನ ಶೆಡ್ಡಿನಲ್ಲೂ ಆರ್‌ಪಿಎಂ ಚೊಕ್ಕವಾಗಿ ಕಾಣುತ್ತಿತ್ತು.

ದುರಸ್ತಿ

ಮುರಿದ ಎರಡು ತುದಿ ಹೊಸೆದು ಟೇಪ್ ಸುತ್ತಿದರೂ ಆ ರಾತ್ರಿ ಗಾಡಿ ಹೋಗುತ್ತಿತ್ತು. ಆದರೆ ಈ ಸೆನ್ಸರ್ ತಾನೇ ಕರೆಂಟ್ ಹುಟ್ಟಿಸುವಂಥದು, ಸೆಲ್ಫಿನ ನಿಧಾನ ವೇಗದಲ್ಲಿ ಅದು ಕೊಡುವ ಸಿಗ್ನಲ್ ಬಹಳ ಬಡವು. ಪಕ್ಕದಲ್ಲೇ ಸೆಲ್ಫ್ ಮೋಟಾರಿಗೆ ನೂರಾರು ಆಂಪಿಯರ್ ಹರಿಯುತ್ತಿರುತ್ತೆ. ಅದರ ಗದ್ದಲ ಒಳಗೆ ನುಗ್ಗದಿರಲಿ ಅಂತಲೇ ಕಂಪನಿಯವರು ಎರಡು ವೈರನ್ನು ಜಡೆಯಂತೆ ಹೆಣೆದು ಮೇಲೆ ಶೀಲ್ಡ್ ಕೊಟ್ಟಿರುತ್ತಾರೆ. ಮಾರನೇ ದಿನ ಎಸ್.ಪಿ. ರಸ್ತೆಯಿಂದ ಶೀಲ್ಡ್ ಇರುವ ಹೆಣೆದ ಜೋಡಿ ವೈರು ಒಂದು ಮೀಟರ್ ತರಿಸಿ, ಸುಟ್ಟ ಭಾಗವನ್ನು ಎರಡೂ ಕಡೆ ಒಳ್ಳೆಯ ತಾಮ್ರ ಸಿಗುವವರೆಗೆ ಕತ್ತರಿಸಿ ತೆಗೆದೆ. ಜೋಡಿಸಿದ ಬೆಸುಗೆಗಳು ಒಂದರ ಪಕ್ಕ ಒಂದು ಬರದ ಹಾಗೆ ಹಿಂದು ಮುಂದು, ಮೇಲೆ ಹೀಟ್ ಶ್ರಿಂಕ್. ಹೊಸ ತುಂಡಿನ ಶೀಲ್ಡನ್ನು ಹಳೆಯ ಶೀಲ್ಡಿಗೆ ಸೇರಿಸಿದೆ, ಹೊಸದಾಗಿ ಗಾಡಿಯ ಮೈಗೆ ಎಲ್ಲೂ ಅರ್ತ್ ಕೊಡಲಿಲ್ಲ. ಅದಕ್ಕೆ ಅರ್ತ್ ಒಂದೇ ತುದಿಯಲ್ಲಿ ಇರಬೇಕು. ಹಳೆಯ ಕ್ಲಿಪ್ಪುಗಳ ಡಬ್ಬಿ ಕೆದಕಿ ಹೊಂದುವ ಒಂದನ್ನು ಹುಡುಕಿ, ಕಟ್ಟನ್ನು ಅದರ ಸ್ವಂತ ಜಾಗಕ್ಕೆ ತಂದು, ಬಿಸಿ ತಡೆಯುವ ತೋಳು ತೊಡಿಸಿದೆ.

ಶುಕ್ರವಾರ ಮೂರು ಸಲ ಕಾಯಿಸಿ, ನಿಲ್ಲಿಸಿ, ಅರ್ಧ ಗಂಟೆ ಬಿಟ್ಟು ಹೊಡೆದೆವು. ಮೂರು ಸಲವೂ ಎದ್ದಿತು. ಸ್ಕ್ಯಾನರ್ ಹಾಕಿಕೊಂಡೇ ಮೈಸೂರು ರಸ್ತೆಯಲ್ಲಿ ಬಿಡದಿಯವರೆಗೆ ಹೋಗಿ ಬಂದೆವು; ಆರ್‌ಪಿಎಂ ಗೆರೆ ಒಮ್ಮೆಯೂ ಕಡಿಯಲಿಲ್ಲ. ರಾತ್ರಿ ಶೆಡ್ಡಿನಲ್ಲೇ ನಿಲ್ಲಿಸಿಕೊಂಡೆ. ಫಿಲ್ಟರ್ ಎಲ್ಲಾದರೂ ಗಾಳಿ ಎಳೆಯುತ್ತಿದ್ದರೆ ರಾತ್ರಿಯಿಡೀ ಡೀಸೆಲ್ ಟ್ಯಾಂಕಿಗೆ ಇಳಿದುಹೋಗಿ ಬೆಳಿಗ್ಗೆ ತುಂಬಾ ಹೊತ್ತು ಸೆಲ್ಫ್ ತಗೊಳ್ಳುತ್ತೆ. ಶನಿವಾರ ಆರು ಗಂಟೆಗೆ ಎರಡು ಸೆಕೆಂಡಿಗೆ ಎದ್ದಿತು.

ಫಿಲ್ಟರ್ ಕಿಟ್, ವೈರು, ತೋಳು, ಬಾಟಲಿಯ ಡೀಸೆಲ್, ಕೂಲಿ ಎಲ್ಲ ಸೇರಿ ಬಿಲ್ ₹4,800. ಯಜಮಾನರು ಎಣಿಸಿ ಕೊಟ್ಟು, ಜೇಬಿನಿಂದ ಒಂದು ಡಬ್ಬಿ ತೆಗೆದರು. ಗುರುವಾರ ರಾತ್ರಿ ತಂದ ಹೊಸ ಕ್ರ್ಯಾಂಕ್ ಸೆನ್ಸರ್, ₹1,450. ಸೀಲ್ ಕೂಡ ಒಡೆದಿರಲಿಲ್ಲ.

"ಇದನ್ನ ವಾಪಸ್ ತಗೋತಾರಾ ಸಾರ್?"

ಸೆನ್ಸರ್ ಅಂಗಡಿಯ ಬಿಲ್ ತಿರುಗಿಸಿ ತೋರಿಸಿದೆ. ಹಿಂದೆ ಕೆಂಪು ಸೀಲು: ಎಲೆಕ್ಟ್ರಿಕಲ್ ಐಟಂ ವಾಪಸ್ ಪಡೆಯುವುದಿಲ್ಲ. ಡ್ರೈವರ್ ಡಬ್ಬಿಯನ್ನು ಇಸಿದುಕೊಂಡು ಡ್ಯಾಶ್‌ಬೋರ್ಡ್ ಪೆಟ್ಟಿಗೆಯಲ್ಲಿ ಇನ್ಶೂರೆನ್ಸ್ ಕಾಗದದ ಕೆಳಗೆ ತುರುಕಿದ.